ದೇವರ ಭಯ ಇಲ್ಲದೆ ಒಳ್ಳೆಯತನ ಬರುತ್ತದಾ?

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ನಿನ್ನೆ ಅಂಗಡಿ ಅಜ್ಜ ಹತ್ತು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟಿದ್ದರು. ಅರ್ಧ ದಾರಿಯಿಂದ ಓಡಿಹೋಗಿ ವಾಪಸ್ ಕೊಟ್ಟು ಬಂದಳು. ‘ಪಾಪ, ಅಜ್ಜನಿಗೆ ಲೆಕ್ಕ ತಪ್ಪುತ್ತೆ ಅಲ್ವಾ ಅಮ್ಮ’ ಅಂದಳು. ನಮ್ಮ ಮನೆಯಲ್ಲಿ ಪೂಜೆ ಇಲ್ಲ. ದೇವರ ಭಯ ಕಲಿಸದಿದ್ದರೆ ಮಗು ಹಾಳಾಗುತ್ತದೆ ಅನ್ನುತ್ತಾರೆ ಅತ್ತೆ. ನಿಮಗೇನನ್ನಿಸುತ್ತದೆ?

ಉತ್ತರ 1: ವಿಚಾರವಾದಿ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದವರು. ಖಾದಿ ಉಟ್ಟು, ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ಅಂಥ ಪ್ರಾಮಾಣಿಕರು ಎಷ್ಟು ಜನ ಸಿಗುತ್ತಾರೆ?

ಉತ್ತರ 2: ಅತ್ತೆಯ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ನನ್ನಜ್ಜಿ ಬಾಗಿಲಿಗೆ ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು. ಅವರಿಗೆ ಅದು ದೇವರ ಕೆಲಸವೇ.

ಪ್ರಶ್ನೆ ಕೇಳಿದವಳು: ಅಜ್ಜಿಯದು ಪ್ರೀತಿ, ಭಯ ಅಲ್ಲ. ಅತ್ತೆಗೆ ಇದನ್ನು ಓದಿ ಹೇಳುತ್ತೇನೆ.