ಮನೆಯವರ ಗ್ರೂಪಿಗೆ ಚಿಕ್ಕಪ್ಪ ಹಾಕಿದ ವಿಡಿಯೋ, ಅಜ್ಜಿ ಕೇಳಿದ ಪ್ರಶ್ನೆ

ಚಿಕ್ಕಪ್ಪ: (ವಿಡಿಯೋ) ಎಲ್ಲರೂ ಕೊನೆ ತನಕ ನೋಡಿ. ಈ ರಾತ್ರಿ ಸತ್ತರೆ ಪರಲೋಕಕ್ಕೆ ಹೋಗುತ್ತೀರಿ ಅನ್ನೋ ನಿಶ್ಚಯ ನಿಮಗಿದೆಯಾ? ನೂರಕ್ಕೆ ನೂರು ನಿಶ್ಚಯ ಇಲ್ಲ ಅಂದ್ರೆ ನೀವಿನ್ನೂ ರಕ್ಷಣೆ ಹೊಂದಿಲ್ಲ.

ಅತ್ತೆ: ಆಮೆನ್. ಸ್ತೋತ್ರ.

ನಾನು: ಚಿಕ್ಕಪ್ಪ, ಇದನ್ನು ಅಜ್ಜಿಯೂ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, "ರಕ್ಷಣೆ ಹೊಂದಿದ ತಾರೀಖು ಗೊತ್ತಿರಬೇಕಂತಲ್ಲ, ನನಗೆ ಹಾಗೊಂದು ದಿನ ನೆನಪೇ ಇಲ್ಲ, ಈಗ ಏನು ಮಾಡಲಿ?" ಅಂತ ಕೇಳಿದರು. ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡು ಇವತ್ತಿಗೂ ಬೆಳಿಗ್ಗೆ ಕೀರ್ತನೆ ಓದದೆ ಕಾಫಿ ಮುಟ್ಟದವರು ಅವರು. ಈ ವಯಸ್ಸಲ್ಲಿ ಅವರಿಗೆ ಈ ಹೆದರಿಕೆ ಬೇಕಿತ್ತಾ? ನನಗೆ ತುಂಬಾ ನೋವಾಗಿದೆ.

ಚಿಕ್ಕಪ್ಪ: ಹೆದರಿಸೋಕೆ ಹಾಕಿದ್ದಲ್ಲ ಮಗಳೇ. ಬೈಬಲ್‌ನಲ್ಲಿ 1 ಯೋಹಾನ 5:13 ತೆಗೆದು ನೋಡು. ನಿತ್ಯಜೀವ ನಿಮಗೆ ಉಂಟು ಅಂತ ತಿಳಿಯಲಿ ಅಂತಲೇ ಯೋಹಾನ ಅದನ್ನು ಬರೆದಿದ್ದು. ಯೇಸುವಿನ ಕೈಯಿಂದ ತನ್ನ ಕುರಿಗಳನ್ನು ಯಾರೂ ಕಿತ್ತುಕೊಳ್ಳಲಾರರು, ಯೋಹಾನ 10:28. ಇಷ್ಟಾದ ಮೇಲೂ "ನನಗೆ ಗೊತ್ತಿಲ್ಲ" ಅನ್ನೋದು ದೀನತೆ ಅಲ್ಲ, ಅಪನಂಬಿಕೆ.

ಭಾವ: ನಮ್ಮ ಕಥೊಲಿಕ ಸಭೆಯಲ್ಲಿ ಹೀಗೆ ಕಲಿಸುವುದಿಲ್ಲ ಮಾವ. ದೇವರೇ ವಿಶೇಷವಾಗಿ ತಿಳಿಸದ ಹೊರತು, ಕೊನೆ ತನಕ ನಿಂತೇ ನಿಲ್ಲುತ್ತೇನೆ ಅಂತ ಯಾರೂ ಪೂರ್ತಿ ಖಾತ್ರಿಯಿಂದ ಹೇಳಬಾರದು ಅಂತ ನಮ್ಮ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ 1547ರಲ್ಲೇ ಹೇಳಿದೆ. ಹಾಗಂತ ನಾವೇನೂ ಭರವಸೆ ಇಲ್ಲದವರಲ್ಲ. ಪಾಪನಿವೇದನೆ ಇದೆ, ಪರಮಪ್ರಸಾದ ಇದೆ. ಭಯದಿಂದ ನಡುಗುತ್ತಾ ರಕ್ಷಣೆಯನ್ನು ಸಾಧಿಸಿಕೊಳ್ಳಿ ಅಂತ ಪೌಲನೇ ಹೇಳಿದ್ದಾನಲ್ವಾ, ಫಿಲಿಪ್ಪಿ 2:12?

ಚಿಕ್ಕಪ್ಪ: ಮುಂದಿನ ವಚನವನ್ನೂ ಓದಿ ಅಳಿಯಂದಿರೇ. ನಿಮ್ಮೊಳಗೆ ಕೆಲಸ ಮಾಡುವವನು ದೇವರೇ. ನಾವು ಮಾಡುವ ಒಳ್ಳೆಯ ಕ್ರಿಯೆಗಳಿಂದ ರಕ್ಷಣೆ ಇಲ್ಲ.

ನಾನು: ಭಾವ ಕ್ರಿಯೆಗಳ ಮಾತೇ ಎತ್ತಿಲ್ಲವಲ್ಲ. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಅಂತ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೊಲಿಕ ಸಭೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಒಟ್ಟಿಗೆ ಸಹಿ ಹಾಕಿವೆ. ನನ್ನ ತಕರಾರು ಬೇರೆ. ಮನಸ್ಸಲ್ಲಿ ಖಾತ್ರಿ ಇಲ್ಲದವರಿಗೆ ರಕ್ಷಣೆಯೇ ಇಲ್ಲ ಅನ್ನೋ ಮಾತನ್ನು ನಿಮ್ಮ ಪ್ರೊಟೆಸ್ಟಂಟ್ ಪಕ್ಷದ ಹಿರಿಯರೇ ಒಪ್ಪಿಲ್ಲ ಚಿಕ್ಕಪ್ಪ. ಹಾಲೆಂಡಿನ ಡಾರ್ಟ್ ಸಭೆ (1618–19), ದೇವರು ಆರಿಸಿಕೊಂಡವರು ಕೈತಪ್ಪಿ ಹೋಗುವುದೇ ಇಲ್ಲ ಅಂತ ಗಟ್ಟಿಯಾಗಿ ಹೇಳಿದ್ದು ಅದೇ, ಆದರೆ ವಿಶ್ವಾಸಿಗಳಿಗೂ ಸಂಶಯಗಳ ಜೊತೆ ಹೋರಾಟ ಇರುತ್ತೆ, ಪೂರ್ತಿ ನಿಶ್ಚಯ ಯಾವಾಗಲೂ ಅನುಭವಕ್ಕೆ ಬರೋದಿಲ್ಲ ಅಂತಲೂ ಅದೇ ಬರೆದಿದೆ. ಮೆಥಡಿಸ್ಟ್ ಪಂಗಡ ಶುರುಮಾಡಿದ ಜಾನ್ ವೆಸ್ಲಿಯನ್ನೇ ನೋಡಿ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ತನ್ನ ಪಾಪಗಳು ಪರಿಹಾರವಾದವು ಅನ್ನೋ ನಿಶ್ಚಯ ಸಿಕ್ಕಿತು ಅಂತ ಬರೆದವನು. ಅದನ್ನು ಊರೂರು ಸಾರಿದವನು. ಅವನೇ 1768ರ ಒಂದು ಪತ್ರದಲ್ಲಿ, ಆ ಅರಿವು ಇದ್ದರೇನೇ ನಂಬಿಕೆ ಅಂತ ನಾನು ಎಷ್ಟೋ ವರ್ಷಗಳಿಂದ ಅಂದುಕೊಂಡಿಲ್ಲ ಅಂತ ಹೇಳಿದ್ದಾನೆ.

ಭಾವ: ನಂಬಿದವರೂ ಬಿದ್ದುಹೋಗಬಹುದು ಅಂತಲೂ ವೆಸ್ಲಿ ಕಲಿಸಿದ್ದ. ಇಬ್ರಿಯ 6:4-6 ನೋಡಿ, ಪರಲೋಕದ ವರದ ರುಚಿ ನೋಡಿದ ಮೇಲೂ ಬಿದ್ದುಹೋದವರ ಮಾತು ಅಲ್ಲಿದೆ.

ಚಿಕ್ಕಪ್ಪ: ಅಲ್ಲಿ ಹೇಳಿರೋದು ನಿಜವಾಗಿ ಹೊಸದಾಗಿ ಹುಟ್ಟದೆ ಸುಮ್ನೆ ರುಚಿ ನೋಡಿದವರ ಬಗ್ಗೆ. ಮಗಳೇ, ವೆಸ್ಲಿ, ಡಾರ್ಟ್ ಎಲ್ಲ ಮನುಷ್ಯರ ಮಾತು. ವಚನ ಕೊಡು.

ನಾನು: ಮಾರ್ಕ 9:24. "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅಂತ ಆ ಹುಡುಗನ ತಂದೆ ಅಳುತ್ತಾ ಕೂಗಿದ. ಮೊದಲು ನಿಶ್ಚಯ ಮಾಡಿಕೊಂಡು ಬಾ ಅಂತ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಮಗನನ್ನು ಗುಣ ಮಾಡಿದ. ನೀವು ಹೇಳಿದ ಯೋಹಾನ 10:28ರಲ್ಲೂ ಬಿಗಿಯಾಗಿ ಹಿಡಿದಿರೋದು ಕುರಿಯಲ್ಲ, ಕುರುಬ. ಅದು ಸಾಕಲ್ವಾ ಅಜ್ಜಿಗೆ? ತಮ್ಮ ಮನಸ್ಸನ್ನು ಕೆದಕಿ ಕೆದಕಿ ಖಾತ್ರಿ ಹುಡುಕಿ ಅಂತ ಯಾಕೆ ಕೂರಿಸಬೇಕು?

ಅತ್ತೆ: ಅಮ್ಮನಿಗೆ ಯಾರಾದರೂ ಫೋನ್ ಮಾಡಿ ಮಾತಾಡಿ ಮೊದಲು.

ಚಿಕ್ಕಪ್ಪ: ನಾನೇ ಮಾಡುತ್ತೇನೆ. ದೇವರ ಪ್ರೀತಿಯಿಂದ ನಮ್ಮನ್ನು ಯಾವುದೂ ಅಗಲಿಸಲಾರದು ಅನ್ನೋ ರೋಮಾ 8ರ ಕೊನೆ ಭಾಗ ಓದಿ ಪ್ರಾರ್ಥನೆ ಮಾಡುತ್ತೇನೆ. ಆದರೆ ದೇವರ ಮಕ್ಕಳು ಸಂಶಯದಲ್ಲೇ ಸಾಯಬಾರದು, ಆ ಮಾತನ್ನು ನಾನು ಬಿಡೋದಿಲ್ಲ.

ನಾನು: ಅದನ್ನು ಬಿಡಿ ಅಂತ ನಾನೂ ಹೇಳುತ್ತಿಲ್ಲ ಚಿಕ್ಕಪ್ಪ. ರೋಮಾ 8 ಓದಿ, ನಿಧಾನವಾಗಿ ಓದಿ, ಅವರಿಗೆ ಈಗ ಕಿವಿ ಸ್ವಲ್ಪ ಮಂದ. ಇಬ್ರಿಯ 6 ನಾವು ಮೂವರೇ ಆಮೇಲೆ ಮಾತಾಡೋಣ.