ಎರಡು ಚಕ್ರದ ಟ್ರೇಲರನ್ನು ಟ್ರ್ಯಾಕ್ಟರಿಗೆ ಎಲ್ಲಿ, ಹೇಗೆ ಜೋಡಿಸಬೇಕು?

ಮಳವಳ್ಳಿ ಕಡೆಯವ:
ನಮಸ್ಕಾರ. ನಮ್ಮಲ್ಲಿ 35 ಅಶ್ವಶಕ್ತಿಯ ಟ್ರ್ಯಾಕ್ಟರ್ ಇದ್ದು, ಕಬ್ಬು ಮತ್ತು ಗೊಬ್ಬರ ಸಾಗಿಸಲು ಎರಡು ಚಕ್ರದ ಹಳೆಯ ಟ್ರೇಲರೊಂದನ್ನು ಕೊಂಡಿದ್ದೇವೆ. ಗದ್ದೆಯಿಂದ ರಸ್ತೆಗೆ ಹತ್ತುವ ಏರಿನಲ್ಲಿ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಬ್ರೇಕ್ ಹಾಕಿದಾಗ ಟ್ರೇಲರು ಹಿಂದಿನಿಂದ ಗುದ್ದುತ್ತದೆ. ಟಾಪ್ ಲಿಂಕ್ (ನೇಗಿಲಿನಂಥ ಸಲಕರಣೆಯನ್ನು ಮೇಲಿನಿಂದ ಹಿಡಿಯುವ, ಟ್ರ್ಯಾಕ್ಟರಿನ ಹಿಂದಿನ ತೋಳು) ಕೂಡಿಸುವ ಜಾಗಕ್ಕೆ ಟ್ರೇಲರನ್ನು ಕಟ್ಟಿದರೆ ಎಳೆತ ಹೆಚ್ಚುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಸರಿಯೇ?

ವರ್ಕ್‌ಶಾಪಿನವ:
ದಯವಿಟ್ಟು ಹಾಗೆ ಮಾಡಬೇಡಿ. ಎಳೆಯುವ ಜಾಗ ಹಿಂದಿನ ಆಕ್ಸಲ್‌ಗಿಂತ ಮೇಲಿದ್ದರೆ, ಚಕ್ರ ಕೆಸರಿನಲ್ಲಿ ಸಿಕ್ಕಾಗಲೋ ಏರಿನಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟಾಗಲೋ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ, ಮತ್ತು ಚಾಲಕನಿಗೆ ಜಿಗಿಯಲು ಸಮಯವೇ ಸಿಗುವುದಿಲ್ಲ. ಟ್ರೇಲರಿಗೆಂದೇ ಕಂಪನಿ ಕೊಟ್ಟಿರುವ ಹುಕ್ಕು ಆಕ್ಸಲ್‌ಗಿಂತ ಕೆಳಗಿರುತ್ತದೆ, ಅದನ್ನೇ ಬಳಸಿ.

ಗುದ್ದುವುದಕ್ಕೆ ಒಂದು ಕಾರಣ ಸವೆತ ಇರಬಹುದು. ಹುಕ್ಕಿಗೆ ಟ್ರೇಲರನ್ನು ಜೋಡಿಸುವ ಪಿನ್ನನ್ನು ಹೊರತೆಗೆದು ಒರೆಸಿ ಅದರ ನಡುಭಾಗದ ಮೇಲೆ ಉಗುರು ಎಳೆಯಿರಿ: ಮೆಟ್ಟಿಲಿನಂತೆ ತಗ್ಗು ಸಿಕ್ಕಿದರೆ ಪಿನ್ ಬದಲಿಸಬೇಕು. ಟ್ರೇಲರಿನ ಬಳೆಯ (ಪಿನ್ನು ತೂರುವ ಮುಂತುದಿಯ ಉಂಗುರ) ತೂತು ಗುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಪಿನ್ ಹಾಕಿಯೂ ಪ್ರಯೋಜನವಿಲ್ಲ, ಬಳೆಯನ್ನೂ ಬದಲಿಸಬೇಕು. ಪಿನ್ನು ಮೇಲಿನಿಂದ ಕೆಳಕ್ಕೆ ಇಳಿಯಬೇಕು, ಕೆಳತುದಿಗೆ ಕ್ಲಿಪ್ಪು ಇರಲೇಬೇಕು. ಕಟ್ಟಡದ ಕಬ್ಬಿಣದ ತುಂಡನ್ನೇ ಪಿನ್ನಾಗಿಸಿ, ಕ್ಲಿಪ್ಪಿನ ಬದಲು ಮೊಳೆ ಬಗ್ಗಿಸಿದ ಟ್ರೇಲರುಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ಒಂದು ಕ್ಲಿಪ್ಪಿನ ಬೆಲೆ ಎಷ್ಟೆಂದು ಅವರೇ ಯೋಚಿಸಬೇಕು.

ಹಳೇ ಚಾಲಕ:
ಮೇಲಿನ ಮಾತಿಗೆ ಹೊರೆಯ ವಿಷಯ ಸೇರಿಸುತ್ತೇನೆ. ಎರಡು ಚಕ್ರದ ಟ್ರೇಲರಿನಲ್ಲಿ ಭಾರದ ಒಂದು ಪಾಲು ಹುಕ್ಕಿನ ಮೇಲೆ ಕೂರುತ್ತದೆ. ಕಬ್ಬನ್ನು ಪೂರ್ತಿ ಮುಂದಕ್ಕೆ ಒಟ್ಟಿದರೆ ಟ್ರ್ಯಾಕ್ಟರಿನ ಹಿಂಬದಿ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ, ನಿಮಗೆ ಆಗುತ್ತಿರುವುದು ಇದೇ ಎಂದು ನನ್ನ ಅಂದಾಜು. ಹಾಗೆಂದು ಪೂರ್ತಿ ಹಿಂದಕ್ಕೆ ಒಟ್ಟಿದರೆ ಹುಕ್ಕನ್ನು ಮೇಲಕ್ಕೆ ಎತ್ತಿ ಟ್ರೇಲರು ಅಡ್ಡಾದಿಡ್ಡಿ ಓಲಾಡುತ್ತದೆ. ಚಕ್ರದ ನೇರಕ್ಕಿಂತ ತುಸುವಷ್ಟೇ ಮುಂದೆ ಹೆಚ್ಚು ಭಾರ ಬೀಳುವಂತೆ ಒಟ್ಟಿ, ಟ್ರ್ಯಾಕ್ಟರಿನ ಮುಂದೆ ಕಂಪನಿಯ ತೂಕದ ಬಿಲ್ಲೆಗಳನ್ನು ಹಾಕಿಸಿಕೊಳ್ಳಿ.

ರಸ್ತೆಗೆ ಇಳಿಯುವ ಮುನ್ನ ಎಡಬಲದ ಬ್ರೇಕ್ ಪೆಡಲುಗಳನ್ನು ಒಟ್ಟಿಗೆ ಲಾಕ್ ಮಾಡುವುದನ್ನು ಮರೆಯಬೇಡಿ. ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರು ತಿರುಗಿ, ಹಿಂದಿನ ಹೊರೆ ಅದನ್ನು ಮಡಚಿಹಾಕುತ್ತದೆ. ಇಳಿಜಾರಿನ ತಲೆಯಲ್ಲೇ ಕೆಳಗಿನ ಗೇರಿಗೆ ಬನ್ನಿ, ನ್ಯೂಟ್ರಲ್ ಮಾಡುವ ಮಾತೇ ಬೇಡ.

ಮಳವಳ್ಳಿ ಕಡೆಯವ:
ಧನ್ಯವಾದಗಳು. ಪಿನ್ನು ನೋಡಿದೆ, ನೀವು ಹೇಳಿದ ತಗ್ಗು ಇದೆ. ಜೋಡಿಸುವಾಗ ತಮ್ಮನೊಬ್ಬ ನಡುವೆ ನಿಂತು ಬಳೆಯನ್ನು ಎತ್ತಿ ಹಿಡಿಯುತ್ತಾನೆ. ಇದಕ್ಕೆ ಬೇರೆ ಉಪಾಯವಿದೆಯೇ?

ವರ್ಕ್‌ಶಾಪಿನವ:
ಇದನ್ನು ಇಂದೇ ನಿಲ್ಲಿಸಿ. ಟ್ರೇಲರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಬಳೆ ಹುಕ್ಕಿನ ಎತ್ತರಕ್ಕೆ ಬರುವಂತೆ ಮುಂಭಾಗಕ್ಕೆ ಸ್ಕ್ರೂ ಜಾಕ್ ಕೊಡಿ. ಸೂಚನೆ ಕೊಡುವವನು ನಿಮಗೆ ಕಾಣುವಂತೆ ಪಕ್ಕದಲ್ಲಿ ನಿಲ್ಲಲಿ. ನಿಧಾನವಾಗಿ ಹಿಂದಕ್ಕೆ ಬಂದು, ಬಳೆ ಹುಕ್ಕಿನ ನೇರಕ್ಕೆ ಬಂದ ಮೇಲೆ ಇಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಳಿದು ಬಂದು ನೀವೇ ಪಿನ್ ಹಾಕಿ. ಹತ್ತು ಮಿಲಿಮೀಟರ್ ಆಚೀಚೆ ಆದರೆ ಕೈಯಿಂದ ನೂಕದೆ, ಮತ್ತೆ ಹತ್ತಿ ಸರಿಪಡಿಸಿ. ಕೊನೆಗೆ ಸುರಕ್ಷಾ ಸರಪಳಿ: ಎರಡನ್ನು ಬಳೆಯ ಅಡಿಯಲ್ಲಿ ಅಡ್ಡಡ್ಡ ದಾಟಿಸಿ, ತಿರುವಿಗೆ ಸಾಲುವಷ್ಟು ಸಡಿಲ ಬಿಟ್ಟು, ನೆಲಕ್ಕೆ ತಾಗದಂತೆ ಕಟ್ಟಿ. ಪಿನ್ನು ಕಳಚಿದರೂ ಆಗ ಟ್ರೇಲರಿನ ಮೂತಿ ರಸ್ತೆಗೆ ಕುತ್ತಿಕೊಳ್ಳದೆ ಸರಪಳಿಯ ಮೇಲೆ ಕೂರುತ್ತದೆ.