ಸೂರ್ಯಕಾಂತಿ ತೆನೆಯ ನಡುವೆ ಜೊಳ್ಳು: ಜೇನು ಕಡಿಮೆಯಾಗಿದ್ದಕ್ಕೋ, ಬೋರಾನ್ ಕೊರತೆಗೋ?

ಎರೆಹೊಲ_ಮುಂಡರಗಿ: ಹಿಂಗಾರಿ ಸೂರ್ಯಕಾಂತಿ, ಎರಡು ಎಕರೆ. ತೆನೆ ದೊಡ್ಡವು, ನಡುವೆಲ್ಲಾ ಜೊಳ್ಳು. ಹೂವಿದ್ದಾಗ ಅವುಗಳ ಮ್ಯಾಲೆ ಜೇನು ಕಾಣಲಿಲ್ಲ. ಮುಂದಿನ ಬೆಳೆಗೆ ಪೆಟ್ಟಿಗೆ ಇಡಬೇಕೇನ್ರಿ?

ಬದುವಿನ_ಹೊಂಗೆ: ರೊಕ್ಕ ಹಾಕೋ ಮೊದಲು ಕಾರಣ ಹುಡುಕ್ರಿ. ಮುಂದಿನ ಬೆಳೆಯಾಗ ಒಂದು ಸಾಲಿಗೆ ಗುರುತು ಹಾಕಿ, ಹೂವಿದ್ದಷ್ಟು ದಿನ ಮುಂಜಾನೆ 9ರಿಂದ 11ರೊಳಗ, ದಿನ ಬಿಟ್ಟು ದಿನ, ಮೆತ್ತನ್ನ ಬಟ್ಟೆ ಕೈಗೆ ಸುತ್ತಿ ಹೂವಿಂದ ಹೂವಿಗೆ ಹಗೂರ ಸವರ್ರಿ. ಆ ಸಾಲಷ್ಟೇ ತುಂಬಿದ್ರ ಕೊರತೆ ಜೇನಿಂದು. ಅದೂ ಜೊಳ್ಳಾದ್ರ ಬೋರಾನ್ ಅನ್ನೋ ಪೋಷಕಾಂಶ ಕಡಿಮೆ ಇರಬಹುದು, ಇಲ್ಲಾಂದ್ರ ನೆಲದಾಗ ಹಸಿ ಕಡಿಮೆ ಇರಬಹುದು. ಬೋರಾನ್ ಆದ್ರ ಅಂಚಿನ ಹಳದಿ ಎಸಳು ಬಿಚ್ಚುವಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ (ಬೋರಾನ್ ಇರೋ ಉಪ್ಪು) ಹಾಕಿ ಸಿಂಪಡಿಸ್ರಿ. ತಣ್ಣೀರಾಗ ಸರಿಯಾಗಿ ಕರಗೂದಿಲ್ಲ, ಮೊದಲು ಬಿಸಿನೀರಾಗ ಕರಗಿಸ್ರಿ.

ತುಡುವೆ_ಧಾರವಾಡ: ಪೆಟ್ಟಿಗೆ ಎಕರೆಗೆ ಎರಡು ಸಾಕು. ಹೂ ಅಲ್ಲಲ್ಲಿ ಅರಳಿದ ಮ್ಯಾಲೆ ತರ್ರಿ. ಮೊದಲೇ ತಂದ್ರ ಜೇನು ಬ್ಯಾರೆ ಹೂವಿಗೆ ಹೊಂದಿಕೊಂಡು ಬಿಡತಾವ. ನೆರಳಿರಲಿ, ಹತ್ತಿರ ನೀರಿರಲಿ, ಇರುವಿ ಹತ್ತದಂಗ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು. ಆದ್ರ ಹೂವಿದ್ದಾಗ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಅನ್ನೋ ಕೀಟನಾಶಕ ಹೊಡದ್ರ ಪೆಟ್ಟಿಗೆ ಇಟ್ಟದ್ದೆಲ್ಲಾ ದಂಡ. "ಸಂಜೀಗೆ ಹೊಡದ್ರ ಏನಾಗೂದಿಲ್ಲ" ಅನ್ನೋ ಮಾತು ಪೂರ್ತಿ ಖರೇ ಅಲ್ಲ: ಈ ಔಷಧಿ ಗಿಡದೊಳಗ ಇಳದು ಮಕರಂದಕ್ಕೂ ಬರತದ. ಅದೂ ಅಲ್ಲದ ಹೆಜ್ಜೇನು ಬೆಳದಿಂಗಳಾಗೂ ಮೇಯತದ.

ಬದುವಿನ_ಹೊಂಗೆ: ಬದು ಮರೀಬ್ಯಾಡ್ರಿ. ನೆಲದಾಗ ಗೂಡು ಮಾಡೋ ಒಂಟಿ ಜೇನುಗಳಿಗೆ ನೇಗಿಲು ಹೊಡೀದ, ಬೆಂಕಿ ಹಚ್ಚದ ಬರೇ ನೆಲ ಬೇಕು. ಬದುವಿನ ತುಂಬೆಗೆ ಕಳೆನಾಶಕ ಬ್ಯಾಡ. ಬಾಡಿಗೆ ಪೆಟ್ಟಿಗೆ ಹೂ ಮುಗಿದ ಕೂಡಲೇ ಹೋಗತಾವ, ಈ ಒಂಟಿ ಜೇನು ಅಲ್ಲೇ ಇರತಾವ.